ಮಾನಸಿಕ ಕಾಯಿಲೆ, ಜೊತೆಗೆ ಚಟ: ಎರಡೂ ಇರುವವರನ್ನು ನೋಡಿಕೊಳ್ಳುವುದು ಹೇಗೆ?

ಮಾನಸಿಕ ಕಾಯಿಲೆ ಇರುವವರಿಗೆ ಕುಡಿತವೋ ಗಾಂಜಾನೋ ಅಂಟಿಕೊಂಡರೆ ಮೊದಲು ಶುರುವಾಗುವುದು ಅಲೆದಾಟ. ಮನೋವೈದ್ಯರ ಹತ್ತಿರ ಹೋದರೆ "ಮೊದಲು ಕುಡಿತ ಬಿಟ್ಟು ಬನ್ನಿ" ಅನ್ನುತ್ತಾರೆ. ಕುಡಿತ ಬಿಡಿಸುವ ಕೇಂದ್ರಕ್ಕೆ ಹೋದರೆ "ಇವರಿಗೆ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಂತೆ, ಮೊದಲು ಅದು ಸರಿಯಾಗಲಿ" ಅನ್ನುತ್ತಾರೆ. ಅಲ್ಲಿಗೂ ಇಲ್ಲಿಗೂ ಓಡಾಡಿ ಮನೆಯವರು ಸುಸ್ತಾಗುತ್ತಾರೆ. ಕಾಯಿಲೆಯವರು ಮೂರನೇ ಸಲ ಹೊರಡುವುದೇ ಇಲ್ಲ.

ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು, ಕೌನ್ಸೆಲರ್‌ಗಳು, ಸ್ವಯಂಸೇವಕರು ಮತ್ತು ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಔಷಧಿ ಬರೆಯುವುದು ಡಾಕ್ಟರ ಕೆಲಸ. ಉಳಿದದ್ದರಲ್ಲಿ ಬಹಳಷ್ಟು ಆಗುವುದು ಆಸ್ಪತ್ರೆಯ ಹೊರಗೇ. ನಾನು ಹೇಳಬೇಕೆಂದಿರುವುದು ಇಷ್ಟೇ: ಅವರು ಕುಡಿಯುತ್ತಿರುವಾಗಲೇ ಆರೈಕೆ ಶುರುವಾಗಬೇಕು. ಬಿಟ್ಟು ಬಂದ ಮೇಲೆ ನೋಡೋಣ ಅಂದರೆ ಅವರು ಬರುವುದಿಲ್ಲ.

1. ಯಾವುದು ಮೊದಲು ಅನ್ನುವ ಜಗಳ ಬಿಡಿ, ಒಬ್ಬರನ್ನು ಗೊತ್ತುಮಾಡಿ

ಎರಡನ್ನೂ ಒಂದೇ ತಂಡ ನೋಡಿಕೊಳ್ಳಲಿ ಅನ್ನುವ ಯೋಚನೆ ಹೊಸದೇನಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಅವರ ಜೊತೆಗಾರರು ಇದನ್ನು ವರ್ಷಗಟ್ಟಲೆ ಮಾಡಿ ನೋಡಿದರು. ಇಂಗ್ಲೆಂಡಿನಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡುವ ನೈಸ್ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗಸೂಚಿಯೂ ಇದನ್ನು ನೇರವಾಗಿಯೇ ಹೇಳುತ್ತದೆ: ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಚಟದ ಕಾರಣಕ್ಕೆ ಸೇವೆಯಿಂದ ಹೊರಗಿಡಬೇಡಿ.

ಹಾಗಂತ ಇದೇನು ಮಂತ್ರವಲ್ಲ. ಇಂಥವರಿಗೆ ಕೊಡುವ ಮಾತಿನ ಚಿಕಿತ್ಸೆಗಳಲ್ಲಿ ಯಾವುದೂ ಉಳಿದವುಗಳಿಗಿಂತ ಸ್ಪಷ್ಟವಾಗಿ ಮೇಲು ಎಂದು ಅಧ್ಯಯನಗಳು ತೋರಿಸಿಲ್ಲ. ಹಾಗಾಗಿ ಯಾರಾದರೂ "ನಮ್ಮ ವಿಧಾನವೇ ಬೆಸ್ಟ್" ಅಂದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಒಂದೇ ತಂಡ ಇಲ್ಲದ ಕಡೆ ಏನು ಮಾಡುವುದು? ಹೆಚ್ಚಿನ ಕಡೆ ಇರುವುದೇ ಇಲ್ಲ. ಅಲ್ಲಿ ಕನಿಷ್ಠ ಒಬ್ಬರಾದರೂ ಇಡೀ ಕತೆ ಗೊತ್ತಿರುವವರು ಬೇಕು. ಯಾವ ಮಾತ್ರೆ ನಡೀತಿದೆ, ಎಷ್ಟು ಕುಡೀತಿದ್ದಾರೆ, ಮುಂದಿನ ಭೇಟಿ ಯಾವಾಗ, ಮನೆಯಲ್ಲಿ ಯಾರ ಮಾತು ಕೇಳುತ್ತಾರೆ, ಇವೆಲ್ಲ ಅವರಿಗೆ ಗೊತ್ತಿರಬೇಕು. ಎರಡೂ ಕಡೆಯ ಡಾಕ್ಟರಿಗೆ ಫೋನ್ ಮಾಡುವವರೂ ಅವರೇ. ಕಾಯಿಲೆಯವರ ಒಪ್ಪಿಗೆ ಪಡೆದು ಒಂದು ಹಾಳೆಯಲ್ಲಿ ಎಲ್ಲ ಬರೆದಿಡಿ. ಎರಡೂ ಕಡೆ ಅದೇ ಹಾಳೆ ತೋರಿಸಿದರೆ ಪ್ರತಿ ಸಲವೂ ಮೊದಲಿನಿಂದ ಕತೆ ಹೇಳುವ ಕಷ್ಟ ತಪ್ಪುತ್ತದೆ.

2. ಮೊದಲ ಭೇಟಿಯಲ್ಲೇ ಜೀವಕ್ಕೆ ಅಪಾಯ ಇದೆಯಾ ನೋಡಿ

ಈ ಹಂತಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಒಳ್ಳೆಯ ಉದ್ದೇಶದಿಂದಲೇ ಹೆಚ್ಚು ಅನಾಹುತ ಆಗುವುದು ಇಲ್ಲಿ.

ದಿನಾ ಜಾಸ್ತಿ ಕುಡಿಯುವವರನ್ನು "ಇವತ್ತಿಂದ ಒಂದು ತೊಟ್ಟೂ ಮುಟ್ಟಬೇಡ" ಅಂತ ಮನೆಯಲ್ಲಿ ಕೂಡಿಹಾಕುವುದು ಅಪಾಯ. ಕೊನೆಯ ಸಲ ಕುಡಿದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ಎದೆ ಬಡಿತ ಶುರುವಾಗುತ್ತದೆ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಅನ್ನುವ ಸ್ಥಿತಿ ಬರುತ್ತದೆ. ಎಲ್ಲಿದ್ದೇನೆ, ಯಾವ ದಿನ ಅನ್ನುವುದು ತಿಳಿಯುವುದಿಲ್ಲ, ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಮೈ ಸುಡುತ್ತದೆ. ಮನೆಯವರು ಇದನ್ನು "ಹಳೇ ಕಾಯಿಲೆ ಕೆದರಿತು" ಅಂದುಕೊಂಡು ಮನಸ್ಸಿನ ಮಾತ್ರೆ ಕೊಟ್ಟು ಸುಮ್ಮನಾಗುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗಬಹುದು. ಆದ್ದರಿಂದ ಇದ್ದಕ್ಕಿದ್ದಂತೆ ಗೊಂದಲ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ: ಕೊನೆಯ ಸಲ ಕುಡಿದದ್ದು ಯಾವಾಗ? ಈ ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಈ ಸಲ ಬಿಡಿಸುವುದು ಆಸ್ಪತ್ರೆಯಲ್ಲೇ ಆಗಬೇಕು. ನಿದ್ದೆ ಮಾತ್ರೆ, ಆತಂಕದ ಮಾತ್ರೆ ಬಹಳ ದಿನದಿಂದ ನುಂಗುತ್ತಿರುವವರಿಗೂ ಇದೇ ಎಚ್ಚರಿಕೆ. ಅವನ್ನೂ ಒಮ್ಮೆಲೇ ನಿಲ್ಲಿಸಬಾರದು.

ಊಟ ಬಿಟ್ಟು ಕುಡಿಯುವವರಿಗೆ ಬಿ1 ವಿಟಮಿನ್, ಅಂದರೆ ಥಯಾಮಿನ್, ಕಡಿಮೆಯಾಗುತ್ತದೆ. ಗೊಂದಲ, ತೂರಾಡುವ ನಡಿಗೆ, ಕಣ್ಣಿನ ಚಲನೆಯಲ್ಲಿ ತೊಂದರೆ ಕಂಡರೆ "ಕುಡಿದಿದ್ದಾನೆ ಬಿಡು" ಅನ್ನಬೇಡಿ. ಅದು ಮಿದುಳಿನ ತುರ್ತು ಸ್ಥಿತಿ ಇರಬಹುದು. ಬೇಗ ಥಯಾಮಿನ್ ಕೊಟ್ಟರೆ ನೆನಪಿನ ಶಕ್ತಿ ಉಳಿಯಬಹುದು.

ಹೆರಾಯಿನ್ ತರಹದ ಓಪಿಯಾಯ್ಡ್ ಬಳಸುವವರಲ್ಲಿ ದೊಡ್ಡ ಅಪಾಯ ಉಸಿರು ನಿಲ್ಲುವುದು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿದ್ದರೆ ಒಂದು ಕ್ಷಣವೂ ತಡ ಮಾಡದೆ ಆಂಬ್ಯುಲೆನ್ಸ್ ಕರೆಯಿರಿ. ಒಂದು ಮಗ್ಗುಲಿಗೆ ಮಲಗಿಸಿ. ಓಪಿಯಾಯ್ಡ್‌ನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಔಷಧಿ ಸಿಕ್ಕರೆ ಕೊಡಿ. ಆದರೆ ಅದರ ಪರಿಣಾಮ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ. ಎದ್ದು ಕೂತರು ಅಂತ ಆಂಬ್ಯುಲೆನ್ಸ್ ವಾಪಸ್ ಕಳಿಸಬೇಡಿ. ಆಸ್ಪತ್ರೆಯಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ವಾರಗಳು ಇನ್ನೂ ಅಪಾಯ. ಅಷ್ಟು ದಿನ ಬಿಟ್ಟಿದ್ದರಿಂದ ದೇಹ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಸಾವು ಬರಬಹುದು. ಇದನ್ನು ಹೊರಬರುವ ಮುಂಚೆಯೇ ಅವರಿಗೆ ಬಿಡಿಸಿ ಹೇಳಿ.

ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿ. "ಸತ್ತುಹೋಗಬೇಕು ಅನ್ನಿಸಿದ್ದುಂಟಾ? ಹೇಗೆ ಅಂತ ಯೋಚನೆ ಬಂದಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು. ಖಿನ್ನತೆಯೂ ಅಮಲೂ ಸೇರಿದಾಗ ಯೋಚನೆಗೂ ಕೃತ್ಯಕ್ಕೂ ನಡುವೆ ಸಮಯವೇ ಉಳಿಯುವುದಿಲ್ಲ. ಮನೆಯಲ್ಲಿರುವ ಮಾತ್ರೆ, ಕೀಟನಾಶಕ ಬೀಗದೊಳಗೆ ಹೋಗಲಿ. ಮಾತ್ರೆಯನ್ನು ಒಂದೊಂದು ವಾರಕ್ಕಾಗುವಷ್ಟು ಮಾತ್ರ ತರುವುದು ಒಳ್ಳೆಯದು.

3. ಕತೆ ಕೇಳಿ, ಒಂದು ಗೆರೆ ಎಳೆಯಿರಿ

ಕಾಗದದ ಮೇಲೆ ಅಡ್ಡ ಗೆರೆ ಎಳೆದು ವರ್ಷಗಳನ್ನು ಗುರುತಿಸಿ. ಗೆರೆಯ ಮೇಲೆ ಮನಸ್ಸಿನ ತೊಂದರೆಗಳು, ಕೆಳಗೆ ಕುಡಿತ ಅಥವಾ ಗಾಂಜಾ. ಮೊದಲು ಬಂದದ್ದು ಯಾವುದು? ಪೂರ್ತಿ ಬಿಟ್ಟಿದ್ದ ತಿಂಗಳುಗಳು ಇದ್ದವಾ? ಆಗ ಮನಸ್ಸು ಹೇಗಿತ್ತು? ಈ ಕೊನೆಯ ಪ್ರಶ್ನೆಯ ಉತ್ತರ ಡಾಕ್ಟರಿಗೆ ತುಂಬಾ ಬೇಕಾಗುತ್ತದೆ. ಜಾಸ್ತಿ ಕುಡಿಯುವವರಲ್ಲಿ ಕಾಣುವ ಖಿನ್ನತೆ ಎಷ್ಟೋ ಸಲ ಕುಡಿತ ಬಿಟ್ಟ ಎರಡು ಮೂರು ವಾರಕ್ಕೆ ತಾನಾಗಿಯೇ ತಗ್ಗುತ್ತದೆ. ಒಂದು ತಿಂಗಳಾದರೂ ತಗ್ಗದಿದ್ದರೆ ಅದು ಬೇರೆಯೇ ಕಾಯಿಲೆ ಇರುವ ಸಾಧ್ಯತೆ ಜಾಸ್ತಿ. ಹಾಗಂತ ತಿಂಗಳು ಕಾಯುತ್ತಾ ಕೂರಬೇಕಿಲ್ಲ. ತೀವ್ರ ಲಕ್ಷಣ ಇದ್ದರೆ ಚಿಕಿತ್ಸೆ ಅವತ್ತೇ ಶುರುವಾಗಬೇಕು.

ಕುಡಿತ ಎಷ್ಟು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿ ಇದೆ. 10 ಪ್ರಶ್ನೆ, ಒಟ್ಟು 40 ಅಂಕ, 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಚ್ಚರ. ಆದರೆ ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಬರುವ ಕಾಯಿಲೆ) ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ) ಇರುವವರಿಗೆ ಇದಕ್ಕಿಂತ ಕಡಿಮೆ ಕುಡಿತವೂ ಕೆಡುಕು ಮಾಡಬಹುದು. ಅಂಕ ಕಡಿಮೆ ಬಂತು ಅಂತ ಸಮಾಧಾನಪಟ್ಟುಕೊಳ್ಳಬೇಡಿ.

ಅಂಕಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಕುಡಿತದಿಂದ ಏನು ಹಾಳಾಯಿತು ಅಂತ ಎಲ್ಲರೂ ಕೇಳಿರುತ್ತಾರೆ. ಅದರಿಂದ ಏನು ಸಿಗುತ್ತದೆ ಅಂತ ಯಾರೂ ಕೇಳಿರುವುದಿಲ್ಲ. ನಾನು ನೋಡುತ್ತಿದ್ದ ಒಬ್ಬರು ಸಂಜೆಯಾದರೆ ಸಾಕು, ಬಾಟಲಿ ಹಿಡಿಯುತ್ತಿದ್ದರು. ಬೆಳಗ್ಗೆ ಹೊತ್ತು ಮುಟ್ಟುತ್ತಿರಲಿಲ್ಲ. "ಸಂಜೆಯೇ ಯಾಕಣ್ಣಾ?" ಅಂದೆ. ಬಹಳ ಹೊತ್ತು ಚಪ್ಪಲಿಯ ಉಂಗುಷ್ಠ ತಿರುವುತ್ತಾ ಕೂತಿದ್ದರು. ಆಮೇಲೆ, "ಕತ್ತಲಾದ ಮೇಲೆ ಅವ್ರು ಬೈಯೋಕೆ ಶುರು ಮಾಡ್ತಾರೆ. ಕುಡಿದ್ರೆ ಬೈತಾನೇ ಇರ್ತಾರೆ, ಆದ್ರೆ ನಂಗೆ ತಾಗಲ್ಲ" ಅಂದರು. ಧ್ವನಿ ಕೇಳಿಸುವುದು ಡಾಕ್ಟರಿಗೆ ಗೊತ್ತಿತ್ತು. ಅದು ಸಂಜೆ ಜಾಸ್ತಿ ಅನ್ನುವುದು ಗೊತ್ತಿರಲಿಲ್ಲ. ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿದರು. ಸಂಜೆ ಹೊತ್ತಿಗೆ ಅವರ ಅಣ್ಣನ ಅಂಗಡಿಯಲ್ಲಿ ಕೂರುವ ಏರ್ಪಾಟಾಯಿತು. ಕುಡಿತ ನಿಲ್ಲಲಿಲ್ಲ, ಆದರೆ ಅರ್ಧಕ್ಕರ್ಧ ಇಳಿಯಿತು.

ನೋವು ಮರೆಯಲು ಜನ ಅಮಲಿಗೆ ಹೋಗುತ್ತಾರೆ ಅನ್ನುವ ವಾದವನ್ನು ಎಡ್ವರ್ಡ್ ಖಂಟ್ಜಿಯನ್ ಎಂಬ ಮನೋವೈದ್ಯರು 1985ರಲ್ಲಿ ವಿವರವಾಗಿ ಮುಂದಿಟ್ಟರು. ಎಲ್ಲರ ವಿಷಯದಲ್ಲೂ ಅದು ನಿಜವಲ್ಲ. ಕೆಲವರು ಬೇಜಾರಿಗೆ ಕುಡಿಯುತ್ತಾರೆ, ಕೆಲವರಿಗೆ ಕುಡಿಯುವ ಗೆಳೆಯರನ್ನು ಬಿಟ್ಟರೆ ಬೇರೆ ಗೆಳೆಯರೇ ಇಲ್ಲ. ಗಾಂಜಾ ಸೇದುವವರಲ್ಲಿ ಅದೇ ಭ್ರಮೆಯನ್ನು ಕೆರಳಿಸುತ್ತಿರಬಹುದು. ಅದಕ್ಕೇ ಒಬ್ಬೊಬ್ಬರನ್ನೂ ಕೇಳಿಯೇ ತಿಳಿಯಬೇಕು.

4. ಅವರು ಯಾವ ಹಂತದಲ್ಲಿದ್ದಾರೋ ಅಲ್ಲಿಂದಲೇ ಶುರುಮಾಡಿ

1989ರಲ್ಲಿ ಓಷರ್ ಮತ್ತು ಕೊಫೊಯೆಡ್ ಎಂಬ ವೈದ್ಯರು ಇಂಥವರ ಚಿಕಿತ್ಸೆಗೆ ನಾಲ್ಕು ಹಂತ ಹೇಳಿದರು. ಮೊದಲು ಪರಿಚಯ ಮತ್ತು ನಂಬಿಕೆ. ಆಮೇಲೆ ಮನವೊಲಿಕೆ. ಆಮೇಲೆ ಬಿಡುವ ಕೆಲಸ. ಕೊನೆಗೆ ಮತ್ತೆ ಬೀಳದಂತೆ ನೋಡಿಕೊಳ್ಳುವುದು. ನಾವು ಮಾಡುವುದು ಏನು? ಮೊದಲ ಹಂತದವರಿಗೆ ಮೂರನೇ ಹಂತದ ಉಪದೇಶ. ಇನ್ನೂ ನಮ್ಮ ಹೆಸರೇ ಸರಿಯಾಗಿ ಗೊತ್ತಿಲ್ಲದ ಮನುಷ್ಯನ ಕೈಗೆ ಕುಡಿತ ಬಿಡುವ ವೇಳಾಪಟ್ಟಿ ಕೊಡುತ್ತೇವೆ. ಅವರು ತಲೆಯಾಡಿಸುತ್ತಾರೆ, ಮುಂದಿನ ಸಲ ಬಾಗಿಲು ತೆಗೆಯುವುದಿಲ್ಲ.

ನಂಬಿಕೆ ಬರುವುದು ಸಣ್ಣಪುಟ್ಟ ಕೆಲಸದಿಂದ. ಹಲ್ಲುನೋವಾ? ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪಿಂಚಣಿ ಅರ್ಜಿ ಎಲ್ಲೋ ಸಿಕ್ಕಿಕೊಂಡಿದೆಯಾ? ಜೊತೆಗೆ ಹೋಗಿ ವಿಚಾರಿಸಿ. ಈ ಓಡಾಟದಲ್ಲೇ ಅವರು ಬಾಯಿಬಿಡುತ್ತಾರೆ. ಎದುರುಬದುರು ಕುರ್ಚಿ ಹಾಕಿ ಕೂತಾಗ ಬಾರದ ಮಾತು ಬಸ್ಸಿನಲ್ಲಿ ಪಕ್ಕಪಕ್ಕ ಕೂತಾಗ ಬರುತ್ತದೆ.

ತಲೆ ಮೇಲೆ ಸೂರು ಇಲ್ಲದವರಿಗೆ ಸೂರೇ ಮೊದಲ ಚಿಕಿತ್ಸೆ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಶುರುಮಾಡಿದ ಪಾಥ್‌ವೇಸ್ ಟು ಹೌಸಿಂಗ್ ಸಂಸ್ಥೆ ಬೀದಿಯಲ್ಲಿದ್ದವರಿಗೆ "ಮೊದಲು ಕುಡಿತ ಬಿಡು" ಅನ್ನದೆ ನೇರವಾಗಿ ಮನೆ ಕೊಟ್ಟಿತು. ಕುಡಿತ ಬಿಡದವರು ಮನೆ ಉಳಿಸಿಕೊಳ್ಳಲಾರರು ಅಂತ ಬಹಳ ಜನ ಅಂದುಕೊಂಡಿದ್ದರು. ಹೆಚ್ಚಿನವರು ಉಳಿಸಿಕೊಂಡರು.

5. ಮಾತಾಡುವ ರೀತಿ

ಹೆದರಿಸಿ ಹೇಳಿದರೆ ಕೇಳುತ್ತಾರೆ ಅನ್ನುವುದು ಎಲ್ಲರ ನಂಬಿಕೆ. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಇದಕ್ಕೆ ವಿರುದ್ಧವಾದ ದಾರಿ ತೋರಿಸಿದರು. ಬದಲಾಗಬೇಕಾದ ಕಾರಣಗಳನ್ನು ನಾವು ಹೇಳಿದಷ್ಟೂ ಅವರು ಬದಲಾಗದಿರುವ ಕಾರಣಗಳನ್ನು ಹುಡುಕುತ್ತಾರೆ. ಕಾರಣ ಅವರ ಬಾಯಿಂದಲೇ ಬರಬೇಕು.

"ಹೀಗೇ ಕುಡಿದರೆ ಲಿವರ್ ಹೋಗುತ್ತೆ ನೋಡಿ" ಅಂದರೆ, "ನಮ್ಮಜ್ಜ ಎಂಬತ್ತು ವರ್ಷ ಕುಡಿದ್ರು" ಅನ್ನುವ ಉತ್ತರ ರೆಡಿ ಇರುತ್ತದೆ.

ಅದರ ಬದಲು ಹೀಗೆ ಕೇಳಿ ನೋಡಿ: "ಈ ವಾರದಲ್ಲಿ ಒಂದು ದಿನ ಕಡಿಮೆ ಕುಡಿದ್ರಂತೆ, ಅಮ್ಮ ಹೇಳಿದ್ರು. ಅವತ್ತು ಏನಾಯ್ತು?"

"ಮಗಳು ಬಂದಿದ್ಲು."

"ಮಗಳ ಮುಂದೆ ಕುಡಿಯೋದು ಬೇಡ ಅನ್ನಿಸ್ತು ನಿಮಗೆ."

"ಹೂಂ. ಅವಳಿಗೆ ವಾಸನೆ ಆಗಲ್ಲ."

ಇಲ್ಲಿಗೆ ಸಾಕು. "ಹಾಗಾದ್ರೆ ದಿನಾ ಹಾಗೇ ಇರಬಹುದಲ್ವಾ?" ಅಂತ ಹಾರಬೇಡಿ. ಮುಂದಿನ ಭೇಟಿಯಲ್ಲಿ ಮಗಳ ಮಾತಿನಿಂದಲೇ ಶುರುಮಾಡಿ.

ಯೋಚನೆ ಚದುರಿಹೋಗುವವರ ಜೊತೆ ಇನ್ನೂ ಸರಳವಾಗಿರಬೇಕು. ಒಂದು ಸಲಕ್ಕೆ ಒಂದೇ ವಿಷಯ. ಚಿಕ್ಕ ವಾಕ್ಯ. ಹತ್ತು ಹದಿನೈದು ನಿಮಿಷಕ್ಕೆ ಮುಗಿಸಿ, ಏನು ಮಾತಾಡಿದೆವೋ ಒಂದು ಚೀಟಿಯಲ್ಲಿ ಬರೆದುಕೊಡಿ. ಅಮಲಿನಲ್ಲಿದ್ದಾಗ ಉಪದೇಶವೂ ಬೇಡ, ಲೆಕ್ಕಾಚಾರವೂ ಬೇಡ. ಸುರಕ್ಷಿತವಾಗಿದ್ದಾರಾ ನೋಡಿ, "ನಾಳೆ ಬರ್ತೀನಿ" ಅನ್ನಿ, ಮರುದಿನ ಹೋಗಿ.

6. ಮಾತ್ರೆಗಳ ವಿಷಯ

"ಕುಡಿದ ದಿನ ಮಾತ್ರೆ ತಗೋಬಾರ್ದು" ಅಂತ ಎಲ್ಲೋ ಕೇಳಿ ಎಷ್ಟೋ ಜನ ಮಾತ್ರೆಯನ್ನೇ ಬಿಡುತ್ತಾರೆ. ದಿನಾ ಕುಡಿಯುವವರು ದಿನಾ ಬಿಡುತ್ತಾರೆ. ಕಾಯಿಲೆ ಮರುಕಳಿಸುವುದಕ್ಕೆ ಇದಕ್ಕಿಂತ ಸುಲಭ ದಾರಿ ಇಲ್ಲ. ಡಾಕ್ಟರನ್ನು ಒಂದೊಂದು ಮಾತ್ರೆಯ ಹೆಸರು ಹೇಳಿಯೇ ಕೇಳಿ: ಕುಡಿದ ದಿನ ಇದನ್ನು ತಗೊಳ್ಳಬಹುದಾ, ಇದನ್ನು ಬಿಡಬೇಕಾ? ಕೆಲವನ್ನು ಮುಂದುವರಿಸಬಹುದು. ನಿದ್ದೆ ಬರಿಸುವಂಥವು ಮದ್ಯದ ಜೊತೆ ಸೇರಿದರೆ ಉಸಿರಿಗೇ ಕುತ್ತು. ಉತ್ತರವನ್ನು ಮಾತ್ರೆ ಡಬ್ಬಿಯ ಮೇಲೆ ಬರೆದು ಅಂಟಿಸಿ. ದಿನಾ ನೆನಪಿಟ್ಟು ನುಂಗುವುದು ಆಗದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಂದು ಸಲ ಕೊಡುವ ಇಂಜೆಕ್ಷನ್ ಇದೆ, ವಿಚಾರಿಸಿ.

ಬೀಡಿ, ಸಿಗರೇಟನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಡಿಯಬೇಕು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಭ್ರಮೆ, ಧ್ವನಿಗಳನ್ನು ತಗ್ಗಿಸುವ ಕ್ಲೋಜಪಿನ್, ಒಲಾಂಜಪಿನ್ ಮಾತ್ರೆಗಳನ್ನು ಲಿವರ್ ಬೇಗ ಕರಗಿಸುವಂತೆ ಮಾಡುತ್ತವೆ. ಸೇದುವುದು ನಿಂತರೆ ಅದೇ ಮಾತ್ರೆಯ ಮಟ್ಟ ರಕ್ತದಲ್ಲಿ ಏರುತ್ತದೆ. ಹೊಗೆ ಬಿಟ್ಟ ಕೆಲವೇ ದಿನದಲ್ಲಿ ವಿಪರೀತ ಮಂಪರು, ಜೊಲ್ಲು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಆಸ್ಪತ್ರೆಯಲ್ಲಿ ಸೇದಲು ಬಿಡುವುದಿಲ್ಲ, ಅಲ್ಲಿ ಒಂದು ಪ್ರಮಾಣ ಸರಿಹೋಗಿರುತ್ತದೆ. ಮನೆಗೆ ಬಂದು ಮತ್ತೆ ಸೇದಿದರೆ ಅದು ಸಾಲದೆ ಧ್ವನಿಗಳು ಮರಳುತ್ತವೆ. ಕೆಲಸ ನಡೆಸುವುದು ಹೊಗೆ, ನಿಕೋಟಿನ್ ಅಲ್ಲ. ಹಾಗಾಗಿ ನಿಕೋಟಿನ್ ಪ್ಯಾಚ್ ಹಾಕಿಕೊಂಡರೂ ಈ ಏರುಪೇರು ತಪ್ಪುವುದಿಲ್ಲ. ಸೇದುವುದು ಬಿಟ್ಟರೂ, ಮತ್ತೆ ಶುರುಮಾಡಿದರೂ ಡಾಕ್ಟರಿಗೆ ತಿಳಿಸಿ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಜಾಸ್ತಿ ಕುಡಿದು ವಾಂತಿ ಭೇದಿಯಾದರೆ ದೇಹದಲ್ಲಿ ನೀರು ಕಡಿಮೆಯಾಗಿ ಲಿಥಿಯಂ ವಿಷದ ಮಟ್ಟಕ್ಕೆ ಏರಬಹುದು. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು ಕಂಡರೆ ಆಸ್ಪತ್ರೆಗೆ ಹೋಗಿ.

ಇನ್ನು ಡೈಸಲ್ಫಿರಾಂ. ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುವಂತೆ ಮಾಡುವ ಮಾತ್ರೆ ಇದು. ಗೊತ್ತಿಲ್ಲದ ಹಾಗೆ ಊಟದಲ್ಲಿ ಬೆರೆಸಿ ಕೊಡುವ ಮನೆಗಳಿವೆ. ದಯವಿಟ್ಟು ಬೇಡ. ವಿಷಯ ಗೊತ್ತಿಲ್ಲದೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತು ಬರಬಹುದು. ಭ್ರಮೆ ಇರುವವರಲ್ಲಿ ಈ ಮಾತ್ರೆ ಕಾಯಿಲೆಯನ್ನು ಕೆರಳಿಸಲೂಬಹುದು. ಮೇಲಾಗಿ, "ನನ್ನ ಊಟಕ್ಕೆ ಏನೋ ಹಾಕ್ತಿದ್ದಾರೆ" ಅಂತ ಮೊದಲೇ ಅನುಮಾನ ಇರುವ ಮನುಷ್ಯನ ಊಟಕ್ಕೆ ನಿಜವಾಗಿಯೂ ಏನೋ ಹಾಕಿದರೆ ಅವರು ನಮ್ಮನ್ನು ಮತ್ತೆ ನಂಬುವುದು ಹೇಗೆ?

7. ಮನೆಯವರು

ಮನೆಯವರಿಗೆ ಎರಡು ಕಡೆಯಿಂದ ಸಲಹೆ ಬರುತ್ತದೆ. ಒಬ್ಬರು "ಕಟ್ಟುನಿಟ್ಟಾಗಿರಿ, ಮನೆಯಿಂದ ಹೊರಗೆ ಹಾಕಿ" ಅನ್ನುತ್ತಾರೆ. ಇನ್ನೊಬ್ಬರು "ಪಾಪ, ಕಾಯಿಲೆಯವನು, ಕೇಳಿದ್ದು ಕೊಡಿ" ಅನ್ನುತ್ತಾರೆ. ಎರಡೂ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದ ರಾಬರ್ಟ್ ಮೇಯರ್ಸ್ ಮನೆಯವರಿಗಾಗಿ ರೂಪಿಸಿದ ಕ್ರಾಫ್ಟ್ ವಿಧಾನದ ತಿರುಳು ಹೀಗಿದೆ: ಕುಡಿಯದ ಹೊತ್ತಿನಲ್ಲಿ ಅವರ ಜೊತೆ ಚೆನ್ನಾಗಿರಿ, ಮಾತಾಡಿ, ಒಟ್ಟಿಗೆ ಊಟ ಮಾಡಿ. ಕುಡಿದ ಹೊತ್ತಿನಲ್ಲಿ ಜಗಳವಾಡದೆ ದೂರ ಸರಿಯಿರಿ. ಕುಡಿತದಿಂದಾದ ಎಡವಟ್ಟನ್ನೆಲ್ಲ ನೀವೇ ಮುಚ್ಚಿಹಾಕಬೇಡಿ. ಅವರ ಮೂಡ್ ಸರಿ ಇದ್ದಾಗ ಚಿಕಿತ್ಸೆಯ ಮಾತು ತೆಗೆಯಿರಿ.

ಆದರೆ ಹೊಡೆತ, ಬೆದರಿಕೆ ಇದ್ದರೆ ಈ ಲೆಕ್ಕವೇ ಬೇರೆ. ಹೆಂಡತಿ, ಮಕ್ಕಳು ರಾತ್ರಿ ಎಲ್ಲಿಗೆ ಹೋಗಬಹುದು, ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಇದನ್ನು ಅವರನ್ನು ಬೇರೆಯಾಗಿ ಕೂರಿಸಿಯೇ ಕೇಳಿ. ಎಲ್ಲರ ಮುಂದೆ ಕೇಳಿದರೆ "ಏನಿಲ್ಲ, ಚೆನ್ನಾಗಿದ್ದೀವಿ" ಅನ್ನುವ ಉತ್ತರವೇ ಸಿಗುತ್ತದೆ.

8. ಗುಂಪುಗಳು

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ತರಹದ ಗುಂಪು ಕೆಲವರಿಗೆ ದೊಡ್ಡ ಆಸರೆ. ಒಂದು ತೊಡಕಿದೆ. ಗುಂಪಿನ ಯಾರೋ ಹಿರಿಯರು "ಮಾತ್ರೆಯೂ ಒಂದು ಚಟವೇ, ಅದನ್ನೂ ಬಿಡು" ಅಂದುಬಿಡುತ್ತಾರೆ. ಸದಸ್ಯರು ಡಾಕ್ಟರಾಗಲು ಹೋಗಬಾರದು ಎಂದು ಆ ಸಂಸ್ಥೆಯೇ ಹೇಳುತ್ತದೆ. ಕಳಿಸುವ ಮುಂಚೆ ಇದನ್ನು ತಿಳಿಸಿ, ಮೊದಲ ಸಲ ಜೊತೆಗೆ ಹೋಗಿ. ಹೆಚ್ಚು ಜನರ ನಡುವೆ ಕೂರಲು ಆಗದವರನ್ನು ಒತ್ತಾಯ ಮಾಡಬೇಡಿ.

9. ಮತ್ತೆ ಕುಡಿದಾಗ ಏನು ಮಾಡುವುದು ಅಂತ ಮೊದಲೇ ಬರೆದಿಡಿ

ಮತ್ತೆ ಕುಡಿಯುತ್ತಾರೆ. ಇದನ್ನು ಮೊದಲೇ ಒಪ್ಪಿಕೊಂಡರೆ ಅವತ್ತು ಎಲ್ಲರ ತಲೆ ನೆಟ್ಟಗಿರುತ್ತದೆ. ಅವರು ಚೆನ್ನಾಗಿರುವ ದಿನ ನೋಡಿ ಜೊತೆಗೆ ಕೂತು ಬರೆಯಿರಿ. ಕೆಡುವ ಮುಂಚೆ ಏನು ಬದಲಾಗುತ್ತದೆ? ಒಬ್ಬರು ನಿದ್ದೆ ಬಿಡುತ್ತಾರೆ, ಒಬ್ಬರು ಸ್ನಾನ ಬಿಡುತ್ತಾರೆ, ಇನ್ನೊಬ್ಬರು ಫೋನ್ ಆಫ್ ಮಾಡುತ್ತಾರೆ. ಅದು ಕಂಡಾಗ ಯಾರು ಏನು ಮಾಡಬೇಕು? ಯಾರು ಬಂದು ಮಾತಾಡಿದರೆ ಅವರು ಕೇಳುತ್ತಾರೆ, ಯಾರು ಬರಲೇಬಾರದು? ಹಣ ಕೈಗೆ ಬರುವ ದಿನ ಯಾವುದು? ತುಂಬಾ ಜನ ಜಾರುವುದು ಆ ದಿನವೇ. ಅವತ್ತು ಒಂದು ಭೇಟಿ ಇಟ್ಟುಕೊಳ್ಳಿ.

ಎರಡು ಸಲ ಭೇಟಿಗೆ ಬರಲಿಲ್ಲ ಅಂತ ಹೆಸರು ಹೊಡೆದುಹಾಕುವ ಪದ್ಧತಿ ಎಷ್ಟೋ ಕಡೆ ಇದೆ. ಬಾರದಿರುವುದೇ ಕಾಯಿಲೆಯ ಲಕ್ಷಣವಾಗಿರುವವರಿಗೆ ಈ ನಿಯಮ ಹಾಕಿದರೆ ಉಳಿಯುವವರು ಯಾರು? ಅವರು ಬರದಿದ್ದರೆ ನಾವು ಹೋಗಬೇಕು. ಮನೆಯಲ್ಲಿ ಸಿಗದಿದ್ದರೆ ಅವರು ಕೂರುವ ಕಟ್ಟೆಗೆ ಹೋಗಬೇಕು.

ಪ್ರಗತಿಯನ್ನು ಕುಡಿತ ಬಿಟ್ಟ ದಿನಗಳಿಂದ ಮಾತ್ರ ಅಳೆಯಬೇಡಿ. ಆಸ್ಪತ್ರೆಗೆ ಸೇರುವುದು ಕಡಿಮೆಯಾಯಿತಾ, ಮಾತ್ರೆ ಎಷ್ಟು ದಿನ ಹೋಯಿತು, ಜಗಳ ಎಷ್ಟು, ಬಾಡಿಗೆ ಕಟ್ಟಿದರಾ, ಇವನ್ನೂ ಬರೆದಿಡಿ. ವರ್ಷಗಳೇ ಹಿಡಿಯುವ ಕೆಲಸ ಇದು. ತಿಂಗಳ ವರದಿಯಲ್ಲಿ ಇದು ಕಾಣುವುದಿಲ್ಲ. ಮೇಲಿನವರು ಕೇಳಿದಾಗ ತೋರಿಸಲು ಈ ಲೆಕ್ಕ ಬೇಕಾಗುತ್ತದೆ.

10. ನೀವು ಹೋಗಬೇಕಾಗಿ ಬಂದಾಗ

ವರ್ಗವಾಗುತ್ತದೆ, ಕೆಲಸ ಬದಲಾಗುತ್ತದೆ. ಅಷ್ಟು ದಿನ ಕಟ್ಟಿದ ನಂಬಿಕೆ ಇಲ್ಲೇ ಒಡೆಯುತ್ತದೆ. ಮೊದಲೇ ಹೇಳಿ, ಕೊನೆಯ ದಿನ ಹೇಳಬೇಡಿ. ಹೊಸಬರನ್ನು ಕನಿಷ್ಠ ಎರಡು ಮೂರು ಸಲ ಜೊತೆಗೆ ಕರೆದುಕೊಂಡು ಹೋಗಿ. ಮೊದಲ ಸಲ ನೀವು ಮಾತಾಡಿ, ಕೊನೆಯ ಸಲ ಅವರು ಮಾತಾಡಲಿ, ನೀವು ಸುಮ್ನೆ ಕೂತಿರಿ. ಎಲ್ಲ ಬರೆದಿಟ್ಟ ಆ ಹಾಳೆಯನ್ನು ಕಾಯಿಲೆಯವರ ಎದುರಿಗೇ ಕೈಬದಲಾಯಿಸಿ. ಅದರಲ್ಲಿ ಏನು ಬರೆದಿದೆ ಅಂತ ಅವರಿಗೆ ಓದಿ ಹೇಳಿ, ಬೇಡ ಅಂದದ್ದನ್ನು ಹೊಡೆದುಹಾಕಿ. ಹೊಸಬರ ನಂಬರನ್ನು ಅವರ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸಿ, ಒಂದು ಸಲ ಕರೆ ಮಾಡಿಸಿಯೂ ನೋಡಿ.